ಮೂಸೆಯಲ್ಲಿ ಕರಗದ ಎಂಟಾಣೆ

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ಕೈಗೆ ಸಿಕ್ಕಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಮೈಸೂರು ಸೀಮೆಯಿಂದ ಘಟ್ಟ ಹತ್ತಿ ಬಂದು ಊಟಿ ಪೇಟೆಯಲ್ಲಿ ಬೆಳ್ಳಿ ಅಂಗಡಿ ಹಾಕಿದ್ದೆವು. ಬಳೆ ಬಡಿಯುವವರು ನಮ್ಮ ಯಜಮಾನರು, ತಿದಿ ಒತ್ತುವವಳು ನಾನು. ಸುತ್ತಲ ಬೆಟ್ಟದ ಹಟ್ಟಿಗಳ ಬಡಗ ಹೆಂಗಸರು ರೂಪಾಯಿ, ಎಂಟಾಣೆಗಳನ್ನೇ ಕರಗಿಸಿ ಬಳೆ ಮಾಡಿಸುತ್ತಿದ್ದರು. ನಾಣ್ಯ ಕಣ್ಣೆದುರೇ ನೀರಾಗುವ ತನಕ ಅಗ್ಗಷ್ಟಿಕೆಯ ಮುಂದಿನಿಂದ ಏಳುತ್ತಿರಲಿಲ್ಲ. ನಮ್ಮ ಮೇಲೆ ಅಷ್ಟು ನಂಬಿಕೆ!

ದೊಡ್ಡ ಯುದ್ಧ ಮುಗಿದ ಹೊಸತು. ಇತ್ತಲಾರು ಹಟ್ಟಿಯ ಮುದುಕಿಯೊಬ್ಬಳು ಮೊಮ್ಮಗಳ ಮದುವೆ ಬಳೆಗೆಂದು ಗಂಟು ಬಿಚ್ಚಿ ಎಂಟಾಣೆಗಳನ್ನು ಮೂಸೆಗೆ ಸುರಿದಳು. ಅರ್ಧ ಹಳೆಯವು, ಅರ್ಧ ಆಲೂಗೆಡ್ಡೆ ಮಾರಿ ಬಂದ ಹೊಚ್ಚ ಹೊಸವು, ಫಳಫಳ ಅನ್ನುತ್ತಿದ್ದವು. ತಿದಿ ಒತ್ತಿದೆ. ಹಳೆಯವು ನೀರಾದವು. ಹೊಸವು ಜಪ್ಪಯ್ಯ ಅಂದರೂ ಕರಗಲಿಲ್ಲ! ನನ್ನ ತೋಳು ಬಿದ್ದುಹೋಯಿತು, ನಾಣ್ಯದ ಮೇಲಿನ ರಾಜನ ಮುಖ ಕಪ್ಪಾಯಿತು, ಅಷ್ಟೇ.

“ಎನ್ನ ಬೆಳ್ಳಿಯ ಏನ ಮಾಡಿದೆ, ಕಳ್ಳಾ?” ಎಂದು ಮುದುಕಿ ಯಜಮಾನರ ಮೇಲೆ ಎಗರಿದಳು. ಬೀದಿಯ ಜನ ಮುತ್ತಿಕೊಂಡರು. ಯಜಮಾನರು ಇಕ್ಕಳ ಹಿಡಿದು ಬೆಪ್ಪಾಗಿ ನಿಂತರು. ನನಗೆ ಮೈಯೆಲ್ಲ ಉರಿಯಿತು. ಅಂಗಡಿಯ ಮಾನ ಹೋದರೆ ಗಂಟುಮೂಟೆ ಕಟ್ಟಿ ಘಟ್ಟ ಇಳಿಯುವುದೇ. ಒಳಗೆ ಓಡಿ ಅಕ್ಕಿ ಮಡಕೆಯಲ್ಲಿದ್ದ ನನ್ನ ಗಂಟು ತಂದೆ. ಸೊಂಟಕ್ಕೊಂದು ಡಾಬು ಮಾಡಿಸಿಕೊಳ್ಳಲು ಮದುವೆಯಾದಂದಿನಿಂದ ಕೂಡಿಟ್ಟ ಬೆಳ್ಳಿ ಅದು. ಈಚೆಗೆ ಸೇರಿದ ಹೊಸ ಎಂಟಾಣೆಯೊಂದು ಮೇಲೇ ಇತ್ತು.

“ನೋಡಜ್ಜಿ, ಇದು ನಂದು. ನಿನ್ ಕಣ್ಮುಂದೇನೇ ಹಾಕ್ತೀನಿ!”

ಅದೂ ಕರಗಲಿಲ್ಲ. ನೆರೆದವರೆಲ್ಲ ತಂತಮ್ಮ ಚೀಲ ತಡಕಿಕೊಂಡರು.

“ಅಯ್ಯಯ್ಯೋ, ಹೊಸ ನಾಣ್ಯದಿಂದ ದೊರೆಗಳೇ ಬೆಳ್ಳಿ ತೆಗ್ದುಬಿಟ್ಟವ್ರೆ!” ಎಂದು ಯಾರೋ ಕೂಗಿದರು. ಗೆದ್ದೆ ಅಂದುಕೊಂಡೆ. ಮುದುಕಿ ಮಾತ್ರ ಕುಸಿದು ಕೂತಳು.

“ಎನ್ನ ಕೂಸು ಬರಿಗೈಲಿ ಹೋಪದಾ?”

ನನಗೆ ತಡೆಯಲಾಗಲಿಲ್ಲ. ಪೇಟೆಯಲ್ಲಿ ಎಂಟಾಣೆ ಅಂದರೆ ಎಂಟಾಣೆಯೇ ತಾನೇ? ಅವಳ ಕರಿ ನಾಣ್ಯಗಳನ್ನು ನನ್ನ ಗಂಟಿಗೆ ಕಟ್ಟಿಕೊಂಡು, ನನ್ನ ಬೆಳ್ಳಿಯನ್ನು ಅವಳ ಮೂಸೆಗೆ ಹಾಕಿದೆ. ಯಜಮಾನರು ಕಣ್ಣು ಕೆಕ್ಕರಿಸಿದರು. ನಾನು ತಿದಿ ಒತ್ತಿದೆ.

ಆಮೇಲೆ ಬೆಳ್ಳಿಯ ಎಂಟಾಣೆ ಪೇಟೆಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪವಾಯಿತು, ಸಿಕ್ಕವರು ಸಿಕ್ಕಲ್ಲೇ ಬಚ್ಚಿಟ್ಟರು. ನನ್ನ ಡಾಬು ಆಗಲೇ ಇಲ್ಲ. ಆದರೆ ಮದುವೆಯ ದಿನ ಮುದುಕಿ ನನ್ನನ್ನು ಹಟ್ಟಿಗೆ ಕರೆಸಿಕೊಂಡಳು. ಮದುಮಗಳು ಬಳೆ ತೊಟ್ಟ ಕೈಯಿಂದ ನನ್ನ ಕೈ ಹಿಡಿದು ಕುಣಿತಕ್ಕೆ ಎಳೆದಳು. ಡಾಬಿಲ್ಲದ ಸೊಂಟ ಬಳುಕುವುದಿಲ್ಲ ಅಂದವರು ಯಾರು? ಉಸಿರು ಕಟ್ಟುವವರೆಗೂ ಕುಣಿದೆ.