ಕೆಂಡ ಒಳಗಿಟ್ಟ ರಾತ್ರಿ

ಬೀದಿಯವರೆಲ್ಲ ಅವಳನ್ನು ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಹಿತ್ತಲಲ್ಲಿ ಪಪ್ಪಾಯಿ ಸಸಿಗಳು, ಕುಂಬಳದ ಬಳ್ಳಿ, ಆಗಷ್ಟೇ ಎರಡು ಮರಿ ಹಾಕಿದ್ದ ಆಡು. ಗಂಡ ಲಾರಿ ಓಡಿಸುವವನು, ಮನೆಗಿಂತ ದಾರಿಯ ಮೇಲಿರುವುದೇ ಹೆಚ್ಚು. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ. ಕಂಬಳಿಯನ್ನು ಟ್ರಂಕಿನ ತಳದಿಂದ ಮೇಲೆತ್ತುವ ಪ್ರಮೇಯವೇ ಬಾರದ ಸೆಕೆಯ ಊರು ಅದು.

ಅಂಥ ಊರಿನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಹಿತ್ತಲಿಗೆಲ್ಲ ಯಾರೋ ಸುಣ್ಣ ಎರಚಿದಂತಿತ್ತು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಕಾಲಡಿ ಕರಕರ ಎಂದಿತು. ಬಿಸಿಲೇರುವಷ್ಟರಲ್ಲಿ ಕುಂಬಳದ ಬಳ್ಳಿ ಬೆಂದ ಸೊಪ್ಪಿನಂತೆ ಜೋತುಬಿತ್ತು. ರಾತ್ರಿ ಚಳಿ ಇನ್ನೂ ಹೆಚ್ಚಲಿದೆಯೆಂದು ರೇಡಿಯೋ ಬೇರೆ ಹೇಳಿತು.

ಹಾಸಿಗೆ ಹೊದಿಕೆ, ಪರದೆ, ಗೋಣಿಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಸಸಿಗಳಿಗೆ ಹೊದಿಸಿದಳು.

"ಪಪ್ಪಾಯಿಗೂ ಅಂಗಿ ತೊಡಿಸಿದೆಯಲ್ಲೇ. ಗುಂಡಿ ಹಾಕೋದು ಮರೀಬೇಡ," ಎಂದರು ಅತ್ತೆ.

ಅವಳಿಗೆ ನಗು ಬರಲಿಲ್ಲ. ಕತ್ತಲಾದಾಗ ಮರಿಗಳು ಗಡಗಡ ನಡುಗುತ್ತಿದ್ದವು. ಅವನ್ನು ಹೊಲಿಗೆ ಕೋಣೆಗೆ ತಂದಳು. ಅತ್ತೆಯ ಹಾಸಿಗೆಯನ್ನೂ ಅಲ್ಲಿಗೇ ಎಳೆದಳು. ಇಸ್ತ್ರಿ ಪೆಟ್ಟಿಗೆಗೆಂದು ತಂದಿಟ್ಟಿದ್ದ ಇದ್ದಿಲನ್ನು ಬಾಣಲೆಯಲ್ಲಿ ಕೆಂಡ ಮಾಡಿ ನಡುವೆ ಇಟ್ಟಳು. ಕಿಟಕಿಯ ಸಂದುಗಳಿಗೆಲ್ಲ ಚಿಂದಿ ಬಟ್ಟೆ ತುರುಕಿದಳು.

"ಉಸಿರಾಡೋಕಾದ್ರೂ ಸ್ವಲ್ಪ ಜಾಗ ಬಿಡೇ!"

"ಸುಮ್ನೆ ಮಲಗಿ ಅತ್ತೆ, ಚಳಿ ನುಗ್ಗುತ್ತೆ."

ಬೆಳಗಿನ ಜಾವ ಹಿತ್ತಲಲ್ಲಿ ತಾಯಿ ಆಡು ಒಂದೇ ಸಮನೆ ಅರಚುತ್ತಿತ್ತು. ಅದಕ್ಕೇ ಅವಳಿಗೆ ಎಚ್ಚರವಾಯಿತು. ತಲೆ ಸಿಡಿದುಹೋಗುತ್ತಿತ್ತು. ಎದ್ದು ನಿಲ್ಲಲು ನೋಡಿದಳು, ಕಾಲು ತನ್ನದೇ ಅಲ್ಲ ಎಂಬಂತೆ ಕುಸಿಯಿತು.

"ಅತ್ತೆ... ಅತ್ತೆ, ಏಳಿ!"

ಕೆನ್ನೆ ತಟ್ಟಿದಳು, ತಲೆ ಪಕ್ಕಕ್ಕೆ ವಾಲಿತು. ಹೊರಗಿನ ಚಳಿಗೆ ಹೆದರಿ ಒಳಗೇ ಕೊಂದುಬಿಟ್ಟೆನೇ? ತೆವಳಿಕೊಂಡು ಹೋಗಿ ಅಗುಳಿ ತೆಗೆದಳು. ಅತ್ತೆಯ ಎರಡೂ ಕಂಕುಳಿಗೆ ಕೈ ಹಾಕಿ, ಹಿಮ್ಮುಖವಾಗಿ ಎಳೆದು, ಅಂಗಳದಲ್ಲೂ ಬೆಳ್ಳಗಾಗಿದ್ದ ಹುಲ್ಲಿನ ಮೇಲೆ ತಂದು ಹಾಕಿ ಕಿರುಚಿಕೊಂಡಳು.

ಪಕ್ಕದ ಮನೆಯಲ್ಲಿದ್ದ ಆಸ್ಪತ್ರೆ ಕಾಂಪೌಂಡರ್, ಗೋಡೆ ಹಾರಿ ಬಂದು, ತೆರೆದ ಬಾಗಿಲಿಂದ ಕೆಂಡದ ಬಾಣಲೆ ಕಂಡರು. "ಇದ್ದಿಲ ವಿಷಗಾಳಿ ಕಣಮ್ಮ! ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ. ನೀವು ಒಳಗೆ ಹೋಗ್ಬೇಡಿ," ಎನ್ನುತ್ತ ತಾವೇ ಉಸಿರು ಬಿಗಿಹಿಡಿದು ನುಗ್ಗಿ ಮರಿಗಳನ್ನು ಹೊತ್ತು ತಂದರು. ಒಂದು ಆಗಲೇ ಸತ್ತಿತ್ತು.

ಆಸ್ಪತ್ರೆಯಲ್ಲಿ ಅತ್ತೆಯ ಮೂಗಿಗೆ ಆಮ್ಲಜನಕ ಇಟ್ಟರು. ಹೊಲಿಗೆಯಕ್ಕ ಮಂಚದ ಕಂಬಿ ಹಿಡಿದು ನಿಂತಿದ್ದಳು. ಅವರ ಎದೆ ಏರಿಳಿಯುವುದರ ಮೇಲಿಂದ ಕಣ್ಣು ಕೀಳಲಿಲ್ಲ. ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟರು.

"ಸಸಿ ಉಳಿದ್ವೇನೇ?"

"ನೋಡಿಲ್ಲ ಅತ್ತೆ," ಎಂದಳು. ಆಮೇಲೆ ತಡೆದಿಟ್ಟಿದ್ದ ಅಳು ಒಮ್ಮೆಲೇ ಕಟ್ಟೆಯೊಡೆಯಿತು.

ಅಷ್ಟಿಷ್ಟು ಸಸಿಗಳು ಉಳಿದಿದ್ದವು. ಚಳಿ ತಾನಾಗಿಯೇ ಇಳಿಯಿತು. ಆದರೆ ಅವಳ ಭಯ ಇಳಿಯಲಿಲ್ಲ. ಅತ್ತೆ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದರೂ ಯಂತ್ರ ನಿಲ್ಲಿಸಿ ಬಂದು ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು.

"ಇದ್ದೀನಿ ಕಣೇ, ಹೋಗು, ಹೊಲಿ," ಎನ್ನುತ್ತಿದ್ದರು ಅತ್ತೆ, ಕಣ್ಣು ತೆರೆಯದೆ.