ರಸಮಟ್ಟನ ಮನೆಗೆ ಹತ್ತಿದ ಗೆದ್ದಲು

ನಮ್ಮ ಬೀದಿಯ ಬಡಗಿಗೆ ಹೆತ್ತವರು ಇಟ್ಟ ಹೆಸರು ಏನೋ ಒಂದಿದೆ. ಅದು ಅವನ ಮನೆಯ ಕರೆಂಟ್ ಬಿಲ್ಲಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ರಸಮಟ್ಟ. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಅತ್ತಿತ್ತ ಓಡಾಡಿ ನೆಲ ಮಟ್ಟವಾಗಿದೆಯೋ ಇಲ್ಲವೋ ಹೇಳುತ್ತದಲ್ಲ, ಆ ಸಲಕರಣೆಯ ಹೆಸರು. ಇವನ ತಲೆಬುರುಡೆಯೊಳಗೇ ಅಂಥದೊಂದು ಗುಳ್ಳೆ ಇದೆ. ಕಾಲು ಅಲ್ಲಾಡುವ ಕುರ್ಚಿ ಅರ್ಧ ಮೈಲಿ ಆಚೆ ಇದ್ದರೂ ಇವನಿಗೆ ಇಲ್ಲಿ ಹಲ್ಲುನೋವು ಶುರುವಾಗುತ್ತದೆ. ಹೋಟೆಲಿಗೆ ಹೋದರೆ ಕಾಫಿ ಆಮೇಲೆ. ಮೊದಲು ಮೇಜಿನ ಕೆಳಗೆ ತೂರಿ ಗಿಡ್ಡ ಕಾಲಿಗೆ ಕಾಗದ ಮಡಿಸಿ ಇಡಬೇಕು. ಹೊಟ್ಟೆಯ ಆಪರೇಷನ್ ಆಗಿ ಎಚ್ಚರವಾದಾಗ ಅವನ ಬಾಯಿಂದ ಬಂದ ಮೊದಲ ಮಾತು, "ಈ ಮಂಚದ ಎಡಗಾಲು ಗಿಡ್ಡ. ಯಾರಾದ್ರೂ ಗರಗಸ ಕೊಡಿ." ಮಂಚ ಕಬ್ಬಿಣದ್ದಪ್ಪಾ ಎಂದು ನರ್ಸಮ್ಮ ಬಡಿದು ತೋರಿಸಿದ ಮೇಲೆಯೇ ಮತ್ತೆ ಮಂಪರಿಗೆ ಜಾರಿದ್ದು.

ಅವನದು ಅಪ್ಪನಿಂದ ಬಂದ ಒಂದೇ ಶಾಸ್ತ್ರ. ನಾಲ್ಕರಲ್ಲಿ ಒಂದು ಕಾಲು ಗಿಡ್ಡವಾಯಿತೋ, ಉಳಿದ ಮೂರನ್ನೂ ಕುಯ್ದು ಅದರ ಸಮಕ್ಕೆ ತಾ. "ತೇಪೆ ಹಾಕೋದು ಬಟ್ಟೆಗೆ, ಮರಕ್ಕಲ್ಲ" ಎನ್ನುತ್ತಿದ್ದ. ಈ ಶಾಸ್ತ್ರ ಅಪ್ಪನ ಕಾಲದಲ್ಲಿ ಸರಿಯಾಗಿಯೇ ನಡೆಯಿತು. ಅಪ್ಪನಿಗೆ ನಾಯಿ ಇರಲಿಲ್ಲ.

ನಾಯಿ ಬಂದದ್ದು ಸಾಮಿಲ್ಲಿನಿಂದ. ಮರ ತರಲು ಹೋದವನು ದಿಮ್ಮಿಗಳ ಸಂದಿಯಲ್ಲಿ ಕುಯ್‌ಗುಡುತ್ತಿದ್ದ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಮರ ತರುವುದನ್ನು ಮರೆತ. ಮರಿ ಕೆಲವೇ ತಿಂಗಳಲ್ಲಿ ಮರಿತನ ಬಿಟ್ಟು ಉದ್ದ ಕಾಲಿನ, ಕಂದು ಬಣ್ಣದ ಬಿರುಗಾಳಿಯಾಯಿತು. ಅದು ಒಮ್ಮೆ ಮೈ ಕೊಡವಿದರೆ ಪಕ್ಕದ ಮನೆಯಲ್ಲಿ ಹರವಿದ ಬಟ್ಟೆ ಒಣಗುತ್ತಿತ್ತು. ಬಾಲ ಆಡಿಸಿದರೆ ನಮ್ಮ ಮನೆಯಲ್ಲಿ ಫ್ಯಾನು ಹಾಕಬೇಕಾಗಿರಲಿಲ್ಲ. ರಸಮಟ್ಟ ಅದಕ್ಕೆ ಏನೋ ಚಂದದ ಹೆಸರಿಟ್ಟಿದ್ದ. ಆದರೆ ಅವನ ತಾಯಿ ಇಟ್ಟ ಹೆಸರೇ ನಿಂತಿತು: ಗೆದ್ದಲು.

ಮೊದಲು ಹೋದದ್ದು ಅಡುಗೆಮನೆಯ ಸ್ಟೂಲು. ರಸಮಟ್ಟ ಬೆಳಿಗ್ಗೆ ಕಾರ್ಖಾನೆ ಶೆಡ್ಡಿಗೆ ಹೋದ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅವನ ಹೆಂಡತಿ ಕೆಲಸಕ್ಕೆ ಹೋದಳು, ತಾಯಿ ಊಟ ಮುಗಿಸಿ ಕಣ್ಣು ಮುಚ್ಚಿದರು. ಕಣ್ಣು ಬಿಡುವಷ್ಟರಲ್ಲಿ ಸ್ಟೂಲಿನ ಒಂದು ಕಾಲು ಪೆನ್ಸಿಲ್ ಚೂಪು ಮಾಡಿದ ಹಾಗೆ ಆಗಿತ್ತು. ಸಂಜೆ ಬಂದ ರಸಮಟ್ಟ ನಾಯಿಗೆ ಗಂಟಲು ಹರಿಯುವಷ್ಟು ಬೈದ. ನಾಯಿ ಕಿವಿ ಮಡಿಸಿ ನೆಲ ನೋಡಿತು. ಆಮೇಲೆ ಅವನು ಗರಗಸ ತೆಗೆದು ಉಳಿದ ಮೂರು ಕಾಲನ್ನೂ ಸಮ ಮಾಡಿದ.

"ರೀ, ಬೆಳಿಗ್ಗೆ ಕಡಿದದ್ದಕ್ಕೆ ಸಂಜೆ ಬೈದರೆ ಅದಕ್ಕೇನ್ ತಿಳಿಯುತ್ತೆ?" ಎಂದಳು ಹೆಂಡತಿ. "ಮನೆಗೆ ಬಂದ ಕೂಡಲೇ ಕೂಗಾಡೋ ಗಂಡಸು ಅಂತ ತಿಳ್ಕೊಳ್ಳುತ್ತೆ, ಅಷ್ಟೆ. ನಾನೂ ಹಾಗೇ ತಿಳ್ಕೊಂಡಿದ್ದು."

ಆಮೇಲೆ ಊಟದ ಮೇಜು. ಆಮೇಲೆ ಅದರ ಕುರ್ಚಿಗಳು, ಆಮೇಲೆ ಮಂಚ. ಕಡಿದಾಗಲೆಲ್ಲ ಮಟ್ಟ ಮಾಡುವುದು, ಮಟ್ಟ ಮಾಡಿದಾಗಲೆಲ್ಲ ಮತ್ತೆ ಕಡಿಯುವುದು. ಖಾರದ ಪುಡಿ ಕಲಸಿದ ನೀರು ಬಳಿದು ನೋಡಿದ. ನಾಯಿ ಒಂದು ಸಲ ಸೀನಿ ಪಕ್ಕದ ಕುರ್ಚಿಗೆ ಹೋಯಿತು. ರಸಮಟ್ಟ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ನಲ್ಲಿಯ ಕೆಳಗೆ ತಲೆ ಇಟ್ಟ. ಮನೆ ದಿನೇ ದಿನೇ ನೆಲಕ್ಕೆ ಇಳಿಯತೊಡಗಿತು. ಗಿಡ್ಡ ಮೇಜಿನ ಮುಂದೆ ಗಿಡ್ಡ ಕುರ್ಚಿಯಲ್ಲಿ ಕೂತು ಗಂಡ ಹೆಂಡತಿ ಊಟ ಮಾಡುವುದನ್ನು ಕಿಟಕಿಯಿಂದ ನೋಡಿದರೆ ಎರಡು ತಲೆಗಳು ಮಾತ್ರ ಕಾಣುತ್ತಿದ್ದವು. ಆ ಮನೆಯ ಇಲಿ ಕೂಡ ಮಂಚದ ಕೆಳಗೆ ಹೋಗುವಾಗ ತಲೆ ಬಗ್ಗಿಸುತ್ತಿತ್ತು. ಆದರೆ ಒಂದು ಮಾತು ಒಪ್ಪಬೇಕು: ಯಾವುದೂ ಅಲ್ಲಾಡುತ್ತಿರಲಿಲ್ಲ.

ಇನ್ನೊಂದು ವಿಚಿತ್ರವೆಂದರೆ, ಮನೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ನಾಯಿ ಮೂಸಿಯೂ ನೋಡಿರಲಿಲ್ಲ. ರಸಮಟ್ಟನೇ ಮಾಡಿದ್ದು ಮಾತ್ರ ಬೇಕು. ಅವನಿಗೆ ಇದರಲ್ಲಿ ಒಳಗೊಳಗೇ ಹೆಮ್ಮೆ. "ನೋಡಿ ಯಜಮಾನ್ರೇ, ಒಳ್ಳೇ ಮರ, ಒಳ್ಳೇ ಕೆಲಸ ಅದಕ್ಕೆ ಗೊತ್ತಾಗುತ್ತೆ" ಎಂದು ನನ್ನ ಹತ್ತಿರ ಪಿಸುಗುಟ್ಟಿದ. ಹೊಗಳಿದವರು ಯಾರು ಎಂದು ನೋಡದೆ ಹಿಗ್ಗುವುದು ಕಸುಬಿನವರ ಹಣೆಬರಹ.

ತಾಯಿಯ ಎತ್ತರದ ಕುರ್ಚಿಯ ತನಕ ಬಂದಾಗ ಮಾತ್ರ ಆಟ ಮುಗಿಯಿತು. ಅವರಿಗೆ ಮಂಡಿನೋವು. ಎತ್ತರದಲ್ಲಿ ಕೂರಬೇಕು, ಇಲ್ಲದಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಕ್ಕೆ ಮಗ ವಾರಗಟ್ಟಲೆ ಕೂತು ಮಾಡಿಕೊಟ್ಟ ಕುರ್ಚಿ ಅದು. ಗೆದ್ದಲು ಅದರ ಹಿಂಗಾಲನ್ನು ಮುಗಿಸಿತು. ರಸಮಟ್ಟ ಅಭ್ಯಾಸಬಲದಿಂದ, ಯೋಚನೆಯನ್ನೇ ಮಾಡದೆ, ಉಳಿದ ಮೂರನ್ನೂ ಕುಯ್ದ.

ಮರುದಿನ ಬೆಳಿಗ್ಗೆ ಎದುರು ಮನೆಯಿಂದ ಕೂಗು ಕೇಳಿತು. "ಎದುರುಮನೆಯವ್ರೇ! ಯಾರಾದ್ರೂ ಬದುಕಿದ್ದೀರಾ?"

ಹೋಗಿ ನೋಡಿದರೆ ರಸಮಟ್ಟನ ತಾಯಿ, ಬೀದಿಗೆಲ್ಲ ಅಜ್ಜಿ, ಕುರ್ಚಿಯೊಳಗೆ ಮುಳುಗಿದ್ದಾರೆ. ಮಂಡಿ ಗಲ್ಲಕ್ಕೆ ತಾಗಿದೆ. ಕುರ್ಚಿ ಈಗ ನಾಯಿಯ ಅನುಕೂಲದ ಎತ್ತರಕ್ಕೆ ಬಂದದ್ದರಿಂದ ಅದು ಎದುರಿಗೆ ನಿಂತು ಅವರ ಮುಖವನ್ನು ಶ್ರದ್ಧೆಯಿಂದ ನೆಕ್ಕುತ್ತಿದೆ.

"ಎಷ್ಟು ಹೊತ್ತಾಯ್ತು ತಾಯಿ?"

"ನೀವು ಹಲ್ಲುಜ್ಜಿ, ಪೇಪರ್ ಓದಿ, ಹೆಂಡತಿ ಹತ್ರ ಜಗಳ ಆಡಿದ್ದೆಲ್ಲ ಕೇಳಿಸಿತು. ಅಷ್ಟು ಹೊತ್ತು. ಈಗ ಎಳೀರಿ."

ಬಾವಿಯಿಂದ ಕೊಡ ಸೇದಿದ ಹಾಗೆ ಸೇದಿದೆ. ಅವರು ಎದ್ದರು, ನನ್ನ ಸೊಂಟ ಕೂತಿತು.

ಸಂಜೆ ವಿಚಾರಣೆ. ಸಾಕ್ಷಿ ಹೇಳಲು ನನ್ನನ್ನೂ ಕರೆಸಿದ್ದರು. ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ದಿಂಬು ಹಾಕಿಕೊಂಡು ಕೂತಿದ್ದರು.

"ಕುರ್ಚಿ ಮಟ್ಟ ಮಾಡ್ತೀನಿ ಮಟ್ಟ ಮಾಡ್ತೀನಿ ಅಂತ ನನ್ನನ್ನೇ ಮಟ್ಟ ಹಾಕ್ತಿದೀಯಲ್ಲೋ," ಎಂದರು ಮಗನಿಗೆ. "ಕೇಳು. ಗೋದಾಮಿನ ಸಾಹುಕಾರ್ರು ಕಾವಲಿಗೆ ನಾಯಿ ಬೇಕು ಅಂದಿದ್ರು. ಈ ತಿಂಗಳ ಕೊನೇ ಭಾನುವಾರ ಬರೋಕೆ ಹೇಳಿ ಕಳಿಸಿದೀನಿ. ಅಷ್ಟರೊಳಗೆ ಇನ್ನೊಂದು ಕಾಲಿಗೆ ಅದು ಬಾಯಿ ಹಾಕಿತೋ, ಅವರ ಜೊತೆ ಹೋಗುತ್ತೆ."

ರಸಮಟ್ಟನ ಮುಖ ಉಪ್ಪುಕಾಗದದಲ್ಲಿ ಉಜ್ಜಿದ ಮರದ ಹಾಗೆ ಬಿಳುಪಾಯಿತು. ಆ ಗೋದಾಮು ಅವನಿಗೆ ಗೊತ್ತು. ತಗಡಿನ ಬಾಗಿಲು, ಗೋಡೆಗೆ ಹೊಡೆದ ಕೊಂಡಿ, ಗಿಡ್ಡ ಸರಪಳಿ. ನಾಯಿಯ ಆ ಉದ್ದ ಕಾಲುಗಳಿಗೆ ಅಲ್ಲಿ ಓಡಲು ಒಂದು ಮೊಳ ಜಾಗವಿಲ್ಲ.

"ಅಮ್ಮಾ, ಅದು ಸಣ್ಣದು..."

"ನನ್ನ ಮಂಡಿ ಹಳೇದು. ಕುರ್ಚಿ ಮೊದಲಿನ ಎತ್ತರಕ್ಕೆ ಬರಬೇಕು."

"ಹೊಸದೇ ಮಾಡ್ಕೊಡ್ತೀನಿ."

"ಹೊಸದು ಬೇಡ. ಅದಕ್ಕೆ ನನ್ನ ಬೆನ್ನು ಗೊತ್ತು. ಕುಯ್ದಿದೀಯಲ್ಲ ತುಂಡುಗಳು, ಅವನ್ನೇ ಅಂಟಿಸು."

ತೇಪೆ! ರಸಮಟ್ಟ ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ನೋಡಿದ. ಅಪ್ಪ ಬೇರೆಲ್ಲೋ ನೋಡುತ್ತಿದ್ದರು. ಕೊನೆಗೆ ಹೇಳಿದ, "ತುಂಡುಗಳು... ಇಲ್ಲ."

"ಎಲ್ಲಿ ಹೋದವು?"

ಅವನು ನಾಯಿಯ ಕಡೆ ನೋಡಿದ. ನಾಯಿ ಮೂಲೆಯಲ್ಲಿ ಮುಂಗಾಲುಗಳ ನಡುವೆ ಏನನ್ನೋ ಹಿಡಿದುಕೊಂಡು ತನ್ಮಯವಾಗಿ ಅಗಿಯುತ್ತಿತ್ತು. ಹೆಂಡತಿ ಹೋಗಿ ಎತ್ತಿ ತಂದಳು. ಅತ್ತೆಯ ಕುರ್ಚಿಯ ಕಾಲಿನ ತುಂಡು. ಬಾಯಿಗೆ ಚುಚ್ಚದಿರಲಿ ಎಂದು ಮೂಲೆಗಳನ್ನೆಲ್ಲ ಯಾರೋ ಉಜ್ಜಿ ದುಂಡಗೆ ಮಾಡಿದ್ದರು.

"ಯಾರು ಕೊಟ್ಟಿದ್ದು ಇದನ್ನ?" ಎಂದಳು ಗಂಡನಿಗೆ.

"ಬಿಸಾಡೋದ್ಯಾಕೆ ಅಂತ..."

"ಸ್ಟೂಲಿಂದು?"

"ಅದೂನೂ."

"ಮೇಜಿಂದು? ಮಂಚದ್ದು?"

ರಸಮಟ್ಟ ತಲೆ ಕೆರೆದುಕೊಂಡ.

ನಾಯಿಯ ಕಡೆಯಿಂದ ನೋಡಿದರೆ ಲೆಕ್ಕ ಬಹಳ ಚೊಕ್ಕವಾಗಿತ್ತು. ಒಂದು ಕಾಲು ಕಡಿ. ಸಂಜೆ ಯಜಮಾನ ಬಂದು ಒಂದಿಷ್ಟು ಹಾಡುತ್ತಾನೆ. ಆಮೇಲೆ ಕೂತು ಬೆವರು ಸುರಿಸಿ ಇನ್ನೂ ಮೂರು ಕಾಲು ಕುಯ್ದು, ನುಣುಪು ಮಾಡಿ, "ತಗೋ ಕಂದ" ಎಂದು ಬಾಯಿಗೇ ಕೊಡುತ್ತಾನೆ. ಇಂಥ ಯಜಮಾನ ಸಿಕ್ಕರೆ ನಾನೂ ಕಡಿಯುತ್ತಿದ್ದೆ.

ಅಜ್ಜಿ ಸೊಸೆಯ ಮುಖ ನೋಡಿದರು. "ನಾಯಿ ಏನು ವಕೀಲನೇನಮ್ಮಾ, ಇದು ಬೇಡದ ಮರ, ಇದು ಬೇಕಾದ ಮರ ಅಂತ ವಾದ ಮಾಡೋಕೆ? ತಪ್ಪು ಗೆದ್ದಲಿನದ್ದಲ್ಲ. ನಾನು ಹೆತ್ತಿದ್ದರದ್ದು."

ಆದರೂ ಸಾಹುಕಾರರಿಗೆ ಬರಬೇಡಿ ಎಂದು ಹೇಳಿ ಕಳಿಸಲಿಲ್ಲ. ಮಾತು ಮಾತೇ.

ಅಂದಿನಿಂದ ಆ ಮನೆಯಲ್ಲಿ ನಾಯಿಯ ಬಾಯಿಗೆ ಮರ ಎಂಬುದು ನಿಷೇಧ. ಹೆಂಡತಿ ಗಟ್ಟಿ ರಬ್ಬರಿನ, ಮಧ್ಯೆ ತೂತಿರುವ ಉಂಡೆಯೊಂದನ್ನು ತಂದು ಅದರೊಳಗೆ ಅನ್ನ ತುರುಕಿ ಕೊಟ್ಟಳು. ಅದನ್ನು ಬಿಡಿಸಿ ತಿನ್ನುವಷ್ಟರಲ್ಲಿ ನಾಯಿಗೆ ಅರ್ಧ ದಿನ, ಉಳಿದ ಅರ್ಧ ದಿನಕ್ಕೆ ನಿದ್ದೆ. ಜೊತೆಗೆ ಗಂಟು ಹಾಕಿದ ದಪ್ಪ ಹಗ್ಗ. ಅಜ್ಜಿ ಮಲಗುವ ಹೊತ್ತಿಗೆ ನಾಯಿ ಹಜಾರಕ್ಕೆ ಬರದಂತೆ ಅಡುಗೆಮನೆಗೆ ಒಂದು ಗೇಟು, ಅದೂ ಕಬ್ಬಿಣದ್ದು. ಬಡಗಿಯ ಮನೆಗೆ ಕಬ್ಬಿಣದ ಗೇಟು ಹೊತ್ತು ತಂದದ್ದನ್ನು ಬೀದಿಯ ಜನ ಕೆಲಸ ಬಿಟ್ಟು ನಿಂತು ನೋಡಿದರು. ಬೆಳಿಗ್ಗೆ ಶೆಡ್ಡಿಗೆ ಹೋಗುವ ಮುಂಚೆ ರಸಮಟ್ಟ ನಾಯಿಯನ್ನು ಓಡಿಸಬೇಕು. ಓಡಿಸುವುದು ಎಂದು ಹೆಸರು. ಹಗ್ಗದ ಆ ತುದಿಯಲ್ಲಿ ನಾಯಿ, ಈ ತುದಿಯಲ್ಲಿ ಇವನು, ನಡುವೆ ಇವನ ಒಂದು ಚಪ್ಪಲಿ. ಪಕ್ಕದ ಊರಿನ ಬಸ್ಸನ್ನು ಅವರಿಬ್ಬರೂ ಹಿಂದೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಬಸ್ಸು ನಿಂತಿತ್ತು ಎನ್ನುವವರಿದ್ದಾರೆ. ಅಸೂಯೆ.

ಮುಖ್ಯ ಕೆಲಸ ಮಾತ್ರ ಅಜ್ಜಿಯದು. ಹಗಲೆಲ್ಲ ಮನೆಯಲ್ಲಿರುವವರು ಅವರೇ. ನಾಯಿ ಕಾಲಿನ ಕಡೆ ಮೂತಿ ತಿರುಗಿಸಿದ ಕೂಡಲೇ, ಕೂಗದೆ, ಹೊಡೆಯದೆ, ರಬ್ಬರ್ ಉಂಡೆಯನ್ನು ಮೂಗಿನ ಮುಂದೆ ಹಿಡಿಯಬೇಕು. ಅದು ಮರ ಬಿಟ್ಟು ಉಂಡೆ ಹಿಡಿದರೆ ಹೊಗಳಬೇಕು. ಮೊದಲನೆಯದು ಅವರಿಗೆ ಸುಲಭವಾಯಿತು. ಹೊಗಳುವುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆ ಬಾಯಿಗೆ ಅದರ ರೂಢಿ ಇರಲಿಲ್ಲ. ಮೊದಮೊದಲು "ಹ್ಞೂಂ, ಪರವಾಗಿಲ್ಲ" ಎನ್ನುತ್ತಿದ್ದರು. ವಾರ ಕಳೆಯುವಷ್ಟರಲ್ಲಿ "ಜಾಣ, ನನ್ನ ಜಾಣ" ಎಂಬುದು ನಮ್ಮ ಮನೆಯ ತನಕ ಕೇಳತೊಡಗಿತು.

"ನನ್ನನ್ನ ಒಂದು ದಿನಾನೂ ಜಾಣ ಅಂದಿದ್ದಿಲ್ಲ ನೀನು," ಎಂದ ರಸಮಟ್ಟ, ಅಂಗಳದಲ್ಲಿ ಕುರ್ಚಿಯ ಕಾಲಿಗೆ ಹೊಸ ತುಂಡು ಜೋಡಿಸುತ್ತಾ.

"ನೀನು ಯಾವತ್ತು ಹೇಳಿದ ಕೂಡಲೇ ಬಾಯಿಂದ ಬಿಟ್ಟಿದ್ದೀಯ?"

ಕುರ್ಚಿ ತನ್ನ ಎತ್ತರಕ್ಕೆ ಬಂತು. ನಾಲ್ಕು ಕಾಲಿಗೂ ತೇಪೆ. ಜೋಡಣೆ ಕಾಣದಿರಲಿ ಎಂದು ಅವನು ಎಷ್ಟು ಪಾಲಿಶ್ ಉಜ್ಜಿದನೆಂದರೆ, ಅದರಲ್ಲಿ ಮುಖ ನೋಡಿಕೊಂಡು ನಾನು ಒಂದು ದಿನ ಮೀಸೆ ಕತ್ತರಿಸಿಕೊಂಡೆ.

ಭಾನುವಾರ ಬಂತು. ಅಂದು ಸಾಹುಕಾರರ ಮುಂದೆ ತೇಪೆ ಕಾಣಬಾರದೆಂದು ರಸಮಟ್ಟ ಎದ್ದವನೇ ಪಾಲಿಶ್ ಬಟ್ಟೆ ಹಿಡಿದು ಕೂತ. ನಾಯಿ ಹಗ್ಗ ಕಚ್ಚಿಕೊಂಡು ಬಂದು ನಿಂತಿತು. "ಇರು ಕಂದ, ಇರು" ಎಂದ. ಮತ್ತೆ ಬಂದು ನಿಂತಿತು. ಅವತ್ತು ಓಟವಾಗಲಿಲ್ಲ. ಆಮೇಲೆ ಅವನು ಸ್ನಾನಕ್ಕೆ ಹೋದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅಜ್ಜಿ ಮುಖ ತೊಳೆಯಲು ಹಿತ್ತಲಿಗೆ ಹೋದರು.

ನಾನು ಒಳಗೆ ಕಾಲಿಟ್ಟಾಗ ಅಜ್ಜಿ ಹಜಾರದ ನಡುವೆ ನಿಂತು ಕುರ್ಚಿಯ ಕೆಳಗೆ ನೋಡುತ್ತಿದ್ದರು. ಮುಂದಿನ ಕಾಲಿನ ತುದಿಯಲ್ಲಿ ಹಸಿ ಹಲ್ಲಿನ ಗುರುತು. ಒಂದು ಅಂಚು ಹೋಗಿತ್ತು. ನೆಲದ ಮೇಲೆ ಒದ್ದೆ ಚಕ್ಕೆ. ನಾಯಿ ಬಾಲ ಆಡಿಸುತ್ತಾ ಅವರ ಮುಖ ನೋಡುತ್ತಿತ್ತು. ಹೊರಗೆ ಸಾಹುಕಾರರ ಗಾಡಿ ನಿಂತ ಸದ್ದಾಯಿತು.

ಅಜ್ಜಿ ನನ್ನನ್ನು ನೋಡಿದರು. "ನೀವೇನೂ ನೋಡಿಲ್ಲ," ಎಂದರು. ಕಾಲಿನಿಂದ ಚಕ್ಕೆಯನ್ನು ಕುರ್ಚಿಯ ಕೆಳಗೆ ತಳ್ಳಿ, ಕೂತು, ಶಾಲನ್ನು ಮಂಡಿಯಿಂದ ನೆಲದ ತನಕ ಇಳಿಬಿಟ್ಟರು. ಕುರ್ಚಿ ಟಕ್ ಎಂದಿತು.

ಸಾಹುಕಾರರು ಕೈಯಲ್ಲಿ ಸರಪಳಿ ಹಿಡಿದೇ ಬಂದರು. ಅದೇ ಹೊತ್ತಿಗೆ ರಸಮಟ್ಟ ಒದ್ದೆ ತಲೆಯಲ್ಲಿ ಹೊರಗೆ ಬಂದ.

"ಎಲ್ಲಿ ಅಜ್ಜಿ ನಿಮ್ಮ ನಾಯಿ? ಬಲೇ ಕಚ್ಚುತ್ತೆ ಅಂತ ಕೇಳಿದೆ."

"ಅಯ್ಯೋ, ಕಚ್ಚೋದೇ ಬಿಟ್ಟುಬಿಟ್ಟಿದೆ ಸಾಹುಕಾರ್ರೇ," ಎಂದು ಅಜ್ಜಿ ಮುಂದಕ್ಕೆ ಬಾಗಿದರು. ಟಕ್. "ಕಳ್ಳ ಬಂದ್ರೆ ಉಂಡೆ ತಂದು ಕೈಗೆ ಕೊಡುತ್ತೆ. ನಿಮ್ಮ ಗೋದಾಮಿಗೆ ಇದು ಆಗಿಬರೋದಿಲ್ಲ." ಹಿಂದಕ್ಕೆ ಒರಗಿದರು. ಟಕ್.

ರಸಮಟ್ಟನ ಕಣ್ಣುಗಳು ಕಿರಿದಾದವು. ತಲೆಯೊಳಗಿನ ಗುಳ್ಳೆ ಓಡಲು ಶುರುವಾಗಿತ್ತು. ಅವನು ತಾಯಿಯ ಶಾಲು ನೋಡಿದ, ನಾಯಿಯನ್ನು ನೋಡಿದ, ಸರಪಳಿ ನೋಡಿದ. ಹಣೆಯಲ್ಲಿ ಬೆವರೋ ಸ್ನಾನದ ನೀರೋ, ಇಳಿಯತೊಡಗಿತು.

"ಕುರ್ಚಿ ಅಲ್ಲಾಡ್ತಿರೋ ಹಾಗಿದೆಯಲ್ಲ?" ಎಂದರು ಸಾಹುಕಾರರು.

"ಕುರ್ಚಿ ಅಲ್ಲ, ನಾನು. ವಯಸ್ಸಾಯ್ತು." ಟಕ್.

"ಇಲ್ಲ ಇಲ್ಲ, ಮರದ ಸದ್ದು ಇದು." ಅವರು ಬಡಗಿಯ ಕಡೆ ತಿರುಗಿದರು. "ಏನಯ್ಯಾ ರಸಮಟ್ಟ, ನಿನ್ನ ಮನೇಲೇ ಕುರ್ಚಿ ಅಲ್ಲಾಡುತ್ತಾ?"

ಊರಿಗೇ ಮಟ್ಟ ಹೇಳುವ ಮನುಷ್ಯ.

"ಕುರ್ಚಿ ಸರಿಯಾಗಿದೆ ಸಾಹುಕಾರ್ರೇ," ಎಂದ ಕೊನೆಗೆ, ಹಲ್ಲು ಕೀಳಿಸಿಕೊಳ್ಳುವವನ ದನಿಯಲ್ಲಿ. "ನೆಲ ಸರಿಯಿಲ್ಲ."

ಸಾಹುಕಾರರು ಕಾಫಿ ಕುಡಿದು, ನಾಯಿ ತಂದುಕೊಟ್ಟ ಎಂಜಲು ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ಸು ಕೊಟ್ಟು, ಬರಿ ಸರಪಳಿ ತೆಗೆದುಕೊಂಡು ಹೋದರು.

ಗಾಡಿಯ ಸದ್ದು ತಿರುವಿನಾಚೆ ಅಡಗಿತು. ಆಮೇಲೆ ರಸಮಟ್ಟ ಮಂಡಿಯೂರಿ ಶಾಲಿನ ಅಂಚು ಎತ್ತಿ ನೋಡಿದ. ಅವನ ಕೈ ತಾನಾಗಿಯೇ ಗೋಡೆಯ ಗರಗಸದ ಕಡೆ ಹೋಯಿತು.

"ಅದನ್ನ ಮುಟ್ಟಿದ್ಯೋ, ಕೈ ಮುರೀತೀನಿ," ಎಂದರು ಅಜ್ಜಿ. "ಬೆಳಿಗ್ಗೆ ಓಡಿಸೋದು ಬಿಟ್ಟು ಪಾಲಿಶ್ ಉಜ್ಜುತ್ತಾ ಕೂತ್ರೆ ಅದು ಇನ್ನೇನು ಮಾಡುತ್ತೆ? ಎದ್ದು ಹೋಗು. ಓಡಿಸ್ಕೊಂಡು ಬಾ."

"ಅಲ್ಲಾಡುತ್ತಮ್ಮಾ..."

"ಅಲ್ಲಾಡಲಿ. ನನಗೆ ತೂಗಿದ ಹಾಗಿರುತ್ತೆ."

ಅಷ್ಟು ಮಾತ್ರ ಅವನಿಂದ ಆಗಲಿಲ್ಲ. ಸುತ್ತ ನೋಡಿ, ಕಿಟಕಿಯಲ್ಲಿ ಸಿಕ್ಕಿಸಿದ್ದ ಕರೆಂಟ್ ಬಿಲ್ಲು ಎಳೆದು, ಮಡಿಸಿ, ಮತ್ತೆ ಮಡಿಸಿ, ಆ ಕಾಲಿನ ಕೆಳಗೆ ತಳ್ಳಿದ. ಕುರ್ಚಿ ಸುಮ್ಮನಾಯಿತು. ನಾಯಿ ಅಷ್ಟರಲ್ಲಿ ಹಗ್ಗ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿತ್ತು. ಅವನು ಒಂದು ಚಪ್ಪಲಿ ಹಾಕಿಕೊಂಡ. ಇನ್ನೊಂದಕ್ಕೆ ಅದು ಸಮಯ ಕೊಡಲಿಲ್ಲ.