ಬಿಟ್ಟ ಜಾಗಕ್ಕೇ ತಂದಿಳಿಸಿದ ಅಕ್ಕ

ಮೊನ್ನೆ ಮಡಕಶಿರದ ಸಂತೆಯಲ್ಲಿ ಬಟ್ಟೆ ಮಾರುವವನೊಬ್ಬ ಟಾರ್ಪಾಲಿನ ಮೇಲೆ ಜೀನ್ಸ್ ಪ್ಯಾಂಟುಗಳ ಗಂಟು ಬಿಚ್ಚಿ ಸುರುವಿದ. ಹೊಸ ಜೀನ್ಸ್ ಬಟ್ಟೆಗೆ ಅದರದೇ ಒಂದು ವಾಸನೆ ಇರುತ್ತದೆ. ಗಂಜಿ, ನೀಲಿ ಬಣ್ಣ, ಮೆಷಿನ್ ಎಣ್ಣೆ ಬೆರೆತು ಮೂಗಿನ ತುದಿಗೆ ತುಸು ಘಾಟಾಗುವಂಥದ್ದು. ಸೊಪ್ಪು ತರಲು ಹೋದವಳು ಅಲ್ಲೇ ನಿಂತುಬಿಟ್ಟೆ. ಬಿಸಿಲಿಗೆ ಕಾದ ಗಂಟುಗಳು, ಗಡಗಡ ಅನ್ನುವ ಲಗೇಜ್ ಆಟೋ, ಹ್ಯಾಂಡಲ್ ಹಿಡಿದ ಆ ನೀಲಿಗಟ್ಟಿದ ಬೆರಳುಗಳು... ಅಕ್ಕ ನೆನಪಾದಳು.

ಅವಳು ನನಗೆ ಒಡಹುಟ್ಟಿದವಳಲ್ಲ, ನೆಂಟಳೂ ಅಲ್ಲ. ರಾಯದುರ್ಗದ ಕಡೆಯ ರಸ್ತೆಯಲ್ಲಿ ಕೈ ಅಡ್ಡ ಹಿಡಿದಾಗ ಗಾಡಿ ನಿಲ್ಲಿಸಿದವಳು, ಅಷ್ಟೇ. ಆದರೆ ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಬಾಯಿಬಿಟ್ಟು ಮಾತಾಡಿದ್ದು ಅವಳೊಬ್ಬಳ ಜೊತೆಗೆ.

ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ವಾರವೆಲ್ಲ ಬಸ್ಸುಗಳ ಅಡಿಯಲ್ಲಿ ಮಲಗಿ ಎದ್ದ ಮನುಷ್ಯ ರಜೆಯ ದಿನ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. ನಡಿಗೆ, ಬರೀ ನಡಿಗೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳುವಿಗೆ ಹಾಕಿ, ನಾನೂ ಅವರ ಹಿಂದೆ ಹೊರಡುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ. ಸುತ್ತಲಿನ ಬೆಟ್ಟಗಳಲ್ಲಿ ನಾವು ಹತ್ತದೆ ಬಿಟ್ಟದ್ದು ಕಡಿಮೆ. ಊರಿನವರು, "ಗಂಡ ಹೆಂಡ್ತಿ ಇಬ್ರಿಗೂ ಬೆಟ್ಟದ ಹುಚ್ಚು" ಅಂತ ನಗುತ್ತಿದ್ದರು. ರಾಯದುರ್ಗದ ಕೋಟೆಯಿಂದ ಹೊರಟು, ಡಾಂಬರು ರಸ್ತೆ ಹಿಡಿಯದೆ, ಬೆಟ್ಟದ ತಪ್ಪಲು, ಹೊಲದ ಬದು, ಕೆರೆಯ ಏರಿಗಳ ಮೇಲೇ ನಡೆದು ನಮ್ಮ ಮಡಕಶಿರದ ಕೋಟೆ ಮುಟ್ಟಬೇಕು ಎನ್ನುವುದು ಅವರ ದೊಡ್ಡ ಆಸೆ. ಅದಕ್ಕೊಂದು ಕಟ್ಟುಪಾಡೂ ಇತ್ತು. ಊಟದ ಸಾಮಾನು ಮುಗಿದರೆ ರಸ್ತೆಗಿಳಿದು, ಸಿಕ್ಕ ಗಾಡಿ ಹತ್ತಿ, ಪೇಟೆಗೆ ಹೋಗಿ ಬರಬಹುದು. ಆದರೆ ಮತ್ತೆ ನಡಿಗೆ ಶುರುವಾಗಬೇಕಾದ್ದು ಬಿಟ್ಟ ಜಾಗದಿಂದಲೇ. ಒಂದು ಮಾರೂ ಕದಿಯಬಾರದು.

ಹೋಗೋಣ ಹೋಗೋಣ ಅನ್ನುತ್ತಲೇ ವರ್ಷಗಳು ಕಳೆದವು. ಆಮೇಲೆ ಒಂದು ಬೇಸಿಗೆ ಅವರಿಗೆ ಜ್ವರ ಬಂತು... ಆ ಮಾತು ಇಲ್ಲಿ ಬೇಡ. ಮುಂದಿನ ಚಳಿಗಾಲ ಶೇಂಗಾ ಕಿತ್ತು ಹೊಲಗಳು ಖಾಲಿಯಾದಾಗ ಹುಳು ಸಾಕುವುದಕ್ಕೆ ಬಿಡುವು ಕೊಟ್ಟೆ. ಅವರ ಬ್ಯಾಗನ್ನೇ ಬೆನ್ನಿಗೆ ಏರಿಸಿಕೊಂಡು ರಾಯದುರ್ಗದ ಬಸ್ ಹತ್ತಿದೆ. ಯಾರಿಗೂ ನಿಜ ಹೇಳಲಿಲ್ಲ. ಹೇಳುವುದಕ್ಕೆ ಮನೆಯಲ್ಲಿ ಯಾರೂ ಇರಲೂ ಇಲ್ಲ.

ಒಂಟಿ ಹೆಂಗಸು ನಡೆದುಕೊಂಡು ಹೋಗುತ್ತಿದ್ದರೆ ನಮ್ಮ ಕಡೆ ಎಲ್ಲರಿಗೂ ಉತ್ತರ ಬೇಕು. ಕುರಿ ಕಾಯುವವರು, ಹೊಲದ ಆಳುಗಳು, ಟ್ರ್ಯಾಕ್ಟರಿನವರು, "ಎಕ್ಕಡಿಕಮ್ಮಾ?" ಎಂದು ಎಲ್ಲಿಗೆ ಹೋಗುವುದನ್ನು ತೆಲುಗಿನಲ್ಲಿ ಕೇಳಲು ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಸುಮ್ಮನೆ ನಡೀತಿದೀನಿ ಅಂದರೆ ಯಾರೂ ನಂಬಲಿಲ್ಲ. ಹರಕೆ ಅಂದೆ, ತಕ್ಷಣ ಎಲ್ಲರೂ ಕೈಮುಗಿದರು. ಗಂಡಸರು ಕೇಳಿದಾಗ ಇನ್ನೊಂದು ಮಾತು ಸೇರಿಸುತ್ತಿದ್ದೆ, "ನಮ್ಮೆಜಮಾನ್ರು ಮುಂದಿನ ಊರಲ್ಲಿ ಕಾಯ್ತಾವ್ರೆ." ಭಯಕ್ಕೆ ಹೇಳಲು ಶುರುಮಾಡಿದ್ದು. ಹೇಳಿ ಹೇಳಿ, ಸಂಜೆ ಯಾವುದಾದರೂ ಊರಿನ ದೀಪ ಕಂಡಾಗ ನನ್ನ ಕಾಲು ತಾನಾಗಿ ಬೇಗ ಬೇಗ ಬೀಳುತ್ತಿತ್ತು.

ಅಕ್ಕ ಸಿಕ್ಕಿದ್ದು ಕೋತಿಗಳ ದೆಸೆಯಿಂದ. ಗುಡ್ಡದ ಮೇಲಿನ ಆಂಜನೇಯನ ಗುಡಿಯಲ್ಲಿ ರಾತ್ರಿ ತಂಗಿದ್ದೆ. ಬೆಳಿಗ್ಗೆ ಬಂಡೆಯ ನಡುವಿನ ನೀರಿನ ದೊಣೆಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಕೋತಿಗಳು ಬ್ಯಾಗು ಹರಿದು ಅವಲಕ್ಕಿ, ಬೆಲ್ಲ, ಹುರಿಗಡಲೆ ಎಲ್ಲ ಮುಗಿಸಿದ್ದವು. ಚಟ್ನಿಪುಡಿಯನ್ನು ಬಂಡೆಯ ಮೇಲೆಲ್ಲ ಎರಚಿ ಸೀನುತ್ತ ಕೂತಿದ್ದವು. ನಗು ಬಂತು. ನಗುವುದಕ್ಕೆ ಪಕ್ಕಕ್ಕೆ ತಿರುಗಿದೆ... ಪಕ್ಕದಲ್ಲಿ ಯಾರೂ ಇರಲಿಲ್ಲ.

ರಸ್ತೆಗಿಳಿದು ಒಂದು ಹುಣಸೆ ಮರದ ಕೆಳಗೆ ನಿಂತೆ. ಬಸ್ಸು ನಿಲ್ಲಲಿಲ್ಲ. ಲಾರಿಯೊಂದು ನಿಂತಿತು, ಒಳಗಿದ್ದವರ ನೋಟ ನೋಡಿ ನಾನೇ ಬೇಡವೆಂದೆ. ಆಮೇಲೆ ಮೂರು ಗಾಲಿಯ ಲಗೇಜ್ ಆಟೋ ಬಂತು. ಹಿಂದೆ ಆಳೆತ್ತರ ಜೀನ್ಸ್ ಗಂಟುಗಳು. ಓಡಿಸುತ್ತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು ಮೇಲೊಂದು ಗಂಡಸರ ಅಂಗಿ ತೊಟ್ಟಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ.

"ಯಾಕವ್ವ, ಬಸ್ ತಪ್ಪಿತೇನು?"

ಹರಕೆಯ ಕಥೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹರಕಿ ಹೊತ್ತೋರು ಬರಿಗಾಲಾಗ ನಡೀತಾರ. ನಿನ್ನ ಕಾಲಾಗ ಬೂಟು ಅದಾವು. ಇರ್ಲಿ ಹತ್ತು, ಸುಳ್ಳು ಹೇಳೋರಿಗೂ ಹಸಿವಿ ಆಗ್ತದ."

ಅವಳ ಸೀಟಿನ ಪಕ್ಕ ಒಬ್ಬರು ಒತ್ತಿಕೊಂಡು ಕೂರುವಷ್ಟೇ ಜಾಗ. ರಾಯದುರ್ಗದ ಗಾರ್ಮೆಂಟಿನವರು ಕತ್ತರಿಸಿದ ಬಟ್ಟೆಯನ್ನು ಹಳ್ಳಿಗಳಿಗೆ ಒಯ್ದು, ಮನೆಗಳಲ್ಲಿ ಹೆಂಗಸರು ಹೊಲಿದು ಮುಗಿಸಿದ್ದನ್ನು ಮತ್ತೆ ಪೇಟೆಗೆ ತರುವುದು ಅವಳ ಕೆಲಸ. ಆವತ್ತು ಗಂಟುಗಳನ್ನು ಇಳಿಸಿ ಬಂದು, ನಾನು ಅಂಗಡಿಯಲ್ಲಿ ಸಾಮಾನು ಕಟ್ಟಿಸುವ ತನಕ ಕಾದಳು. ಆಮೇಲೆ ಹೊಸ ಗಂಟುಗಳ ಜೊತೆ ನನ್ನನ್ನೂ ವಾಪಸ್ಸು ಕರೆತಂದಳು. ಅವಳು ಹೋಗಬೇಕಾದ ಹಳ್ಳಿ ಇನ್ನೂ ಮುಂದಿತ್ತು. ಅಲ್ಲಿಯವರೆಗೂ ಬಿಡುತ್ತೇನೆಂದಳು. ಬೇಡ, ಆ ಹುಣಸೆ ಮರದ ಕೆಳಗೇ ಇಳಿಸು ಅಂದೆ.

"ಮುಂದ ಬಿಟ್ರ ನಿನಗ ನಡಿಯೋದು ಕಮ್ಮಿ ಆಗ್ತದಲ್ಲ?"

"ಆಗ್ಬಾರ್ದು ಕಣಕ್ಕ. ಬಿಟ್ ಜಾಗದಿಂದ್ಲೇ ನಡೀಬೇಕು."

"ಯಾರು ಹಂಗ ಹೇಳಿದೋರು?"

"ನಮ್ಮೆಜಮಾನ್ರು."

ಅವಳು ಮರದ ಬುಡಕ್ಕೇ ಗಾಡಿ ತಂದು, ನನ್ನ ಬೂಟಿನ ಗುರುತು ಹುಡುಕುವವಳ ಹಾಗೆ ನೆಲ ನೋಡಿ, "ಇಲ್ಲೇ ಅಲ್ಲ?" ಎಂದು ಇಳಿಸಿದಳು.

ಎರಡನೇ ಸಲ ಸಾಮಾನು ಮುಗಿದಾಗ ನಾನು ಕಲ್ಯಾಣದುರ್ಗದ ರಸ್ತೆಯಲ್ಲಿ ಬಹಳ ಮುಂದೆ ಬಂದಿದ್ದೆ. ಅವಳ ಗಾಡಿ ಆ ಕಡೆಗೂ ಬರುತ್ತದೆಂದು ಹೇಳಿ ನಂಬರು ಕೊಟ್ಟಿದ್ದಳು. ಫೋನ್ ಮಾಡಿದೆ. ಬಂದಳು. ಬರುವಾಗ ಎಲೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಗಾಡಿಯ ನೆರಳಲ್ಲಿ ಕೂತು ತಿಂದೆವು. ತಿನ್ನುವಾಗ ಅವಳ ಗುರುತಿನ ಬೈಕಿನವನೊಬ್ಬ ನಿಲ್ಲಿಸಿ, ಅವಳ ಕಡೆ ತಿರುಗಿ, "ಎಲ್ಲಿ ಅಕ್ಕೋರೆ, ನಿಮ್ಮನ್ಯಾಗಿನವರು ಬರಲಿಲ್ಲೇನು ಇನ್ನಾ?" ಎಂದು ಕೇಳಿದ. ಅವಳು ತಲೆಯೆತ್ತದೆ, "ಬಳ್ಳಾರಿಗೆ ಹೋಗ್ಯಾರ, ಬರ್ತಾರ" ಅಂದಳು.

ಬೈಕು ಹೋದಮೇಲೆ ಹೇಳಿದಳು. ಗಾಡಿ ಅವಳ ಗಂಡನದು. ಒಂದು ದಿನ ಬೆಳಿಗ್ಗೆ ಬಾಡಿಗೆಗೆಂದು ಹೋದವನು ರಾಯದುರ್ಗದ ರೈಲ್ವೆ ಸ್ಟೇಷನ್ ಎದುರು ಗಾಡಿ ನಿಲ್ಲಿಸಿ, ಬೀಗದಕೈ ಅದರಲ್ಲೇ ಬಿಟ್ಟು, ಯಾವುದೋ ರೈಲು ಹತ್ತಿಬಿಟ್ಟ. ಜಗಳವಿಲ್ಲ, ಸಾಲವಿಲ್ಲ, ಇನ್ನೊಬ್ಬಳ ಸುದ್ದಿಯೂ ಇಲ್ಲ. ಅವಳು ದಿನಾ ಸ್ಟೇಷನ್ನಿಗೆ ಹೋಗಿ ಗಾಡಿಯ ಧೂಳು ಒರೆಸಿ ಬರುತ್ತಿದ್ದಳಂತೆ. ಬಂದವನು ಗಾಡಿ ಇಲ್ಲದ್ದು ಕಂಡು ಗಾಬರಿಯಾದರೆ ಎಂದು ಮನೆಗೂ ತರಲಿಲ್ಲ. ಕೊನೆಗೆ ಸ್ಟೇಷನ್ನಿನವರು ಗದರಿದಾಗ ಯಾರನ್ನೋ ಕರೆದು ತರಿಸಿದಳು. ಆಮೇಲೆ ತಾನೇ ಕಲಿತಳು.

"ಸತ್ತಾನಂದ್ರ ಅಳಬೋದು. ಬಿಟ್ಟಾನಂದ್ರ ಬೈಬೋದು. ಎರಡೂ ಇಲ್ಲಂದ್ರ ಏನು ಮಾಡ್ಬೇಕವ್ವ?"

ನಾನು ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ದಾರಿಯಲ್ಲಿ ಕೇಳಿದ ಗಂಡಸರಿಗೆಲ್ಲ ಯಜಮಾನರು ಮುಂದೆ ಕಾಯ್ತಾವ್ರೆ ಅಂತಿದ್ದೆ, ಮುಂದಿನ ಊರಲ್ಲಿ ನನಗಾಗಿ ಯಾರೂ ಕಾಯುತ್ತಿಲ್ಲ ಎಂದು ಅವಳಿಗೆ ಹೇಳಿದೆ. ಅವರು ತೀರಿಹೋದರು ಎನ್ನುವ ಮಾತನ್ನು ನನ್ನ ಬಾಯಿಂದ ನಾನೇ ಮೊದಲ ಸಲ ಕೇಳಿದ್ದು ಅಲ್ಲಿ, ಆ ರಸ್ತೆಯ ಬದಿಯಲ್ಲಿ. ಅಲ್ಲಿಯವರೆಗೆ ಬೇರೆಯವರೇ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಅಕ್ಕ ನೀಲಿ ಬೆರಳುಗಳಿಂದ ನನ್ನ ಕೈಯಲ್ಲಿದ್ದ ಒಣ ಚೂರು ತೆಗೆದು, ಇನ್ನೊಂದು ಮೆತ್ತನೆಯ ರೊಟ್ಟಿ ಇಟ್ಟಳು.

ಮಾರನೆಯ ದಿನ ಬೆಳಿಗ್ಗೆ ನಾನು ಮುಂದಿನ ಗುಡ್ಡದ ಕಡೆ ಹೊರಟಾಗ ಅವಳ ಫೋನ್ ಬಂತು. ಕರೆಂಟ್ ಇಲ್ಲ, ಮೆಷಿನ್‌ಗಳು ನಿಂತಿವೆ, ಲೋಡ್ ಇಲ್ಲ, ತಾನೂ ಒಂದು ದಿನ ನಡೆಯಲು ಬರಲೇ ಎಂದು ಕೇಳಿದಳು. ಅಷ್ಟು ವರ್ಷ ಗುಡ್ಡಗಳ ಬುಡದಲ್ಲೇ ಗಾಡಿ ಓಡಿಸಿದವಳು ಒಂದನ್ನೂ ಹತ್ತಿರಲಿಲ್ಲವಂತೆ. ಗಾಡಿಯನ್ನು ಹಳ್ಳಿಯಲ್ಲಿ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಉಸಿರು ಬಿಡುತ್ತ, ನನ್ನನ್ನು ಬೈಯುತ್ತ ಹತ್ತಿದಳು. "ಇದಕ್ಕ ಬರ್ತೀಯೇನು ನೀನು? ಇಷ್ಟು ಕಲ್ಲು ನಮ್ಮ ಹಿತ್ತಲದಾಗೂ ಅದಾವು."

ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಕೆಂಪು ಹೊಲಗಳು, ಒಣಗಿದ ಹಳ್ಳ, ದೂರದಲ್ಲಿ ಗೆರೆ ಎಳೆದ ಹಾಗೆ ರೈಲು ಹಳಿ. ಅವಳು ಅದನ್ನೇ ನೋಡುತ್ತ ನಿಂತಳು. ನೋಡುತ್ತಿದ್ದವಳು ಒಮ್ಮೆಲೇ ಗಂಡನ ಹೆಸರು ಹಿಡಿದು ಕೂಗಿದಳು. ಮದುವೆಯಾದಂದಿನಿಂದ ಅವಳ ನಾಲಗೆ ಆ ಹೆಸರನ್ನು ಹೇಳಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

"ಸತ್ತಿದ್ರ ಸತ್ತೀನಂತ ಹೇಳೋ! ಬದುಕಿದ್ರ ಬಂದು ನಿನ್ನ ಗಾಡಿ ತಗಂಡು ಹೋಗೋ! ನನ್ನ ಕೈಲಾಗವಲ್ದು!"

ದನಿ ಎದುರು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಕೆಳಗೆ ಕುರಿ ಕಾಯುತ್ತಿದ್ದವನು ತಲೆಯೆತ್ತಿ ನೋಡಿದ. ಅಕ್ಕ ಬಂಡೆಯ ಮೇಲೆ ಕುಸಿದು ಕೂತಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ನನಗೂ ಅಳು ಬಂತು, ಆದರೆ ಯಾರನ್ನು ಕೂಗಲಿ? ನನ್ನವರು ಎಲ್ಲಿ ಹೋದರೆಂದು ನನಗೆ ಗೊತ್ತಿತ್ತು. ಚಿತೆಯ ಬೂದಿ ತಣ್ಣಗಾಗುವ ತನಕ ಇದ್ದು ಬಂದವಳು ನಾನು. ಅಷ್ಟರಮಟ್ಟಿಗೆ ನಾನು ಅವಳಿಗಿಂತ ಪುಣ್ಯವಂತೆ ಎಂದು ಅನಿಸಿತು. ಆ ಪುಣ್ಯವನ್ನು ಏನು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ...

ಇಳಿಯುವಾಗ ಅವಳು ಹಗುರಾಗಿದ್ದಳು. ದಾರಿಯಲ್ಲಿ ಸಿಕ್ಕ ಬೋರೆಹಣ್ಣು ಆರಿಸಿ ನನ್ನ ಬ್ಯಾಗಿಗೆ ತುಂಬಿದಳು. ಗಾಡಿ ಹತ್ತಿರ ಬಂದಾಗ ಅವಳ ದಾರಿ ಉತ್ತರಕ್ಕೆ, ನನ್ನದು ದಕ್ಷಿಣಕ್ಕೆ. ಅಲ್ಲಿಂದ ಮುಂದೆ ಅವಳ ಗಾಡಿ ಬರುವುದಿಲ್ಲ.

"ಮುಟ್ಟಿದ ಮ್ಯಾಲ ಒಂದು ಫೋನ್ ಹಚ್ಚವ್ವ. ನಿನಗ ಯಾರು ಕಾಯ್ತಾರಂತ ಯಾರಾರ ಕೇಳಿದ್ರ, ನನ್ನ ಹೆಸರು ಹೇಳು."

ಆಮೇಲೂ ಸಾಮಾನಿಗೆಂದು ರಸ್ತೆಗಿಳಿದೆ. ಪಾವಗಡಕ್ಕೆ ಹೋಗುವ ಟ್ರ್ಯಾಕ್ಟರ್ ಹತ್ತಿದೆ, ಹಾಲಿನ ಗಾಡಿ ಹತ್ತಿದೆ. ಎಲ್ಲರೂ ಒಳ್ಳೆಯವರೇ. ಬಿಟ್ಟ ಜಾಗಕ್ಕೇ ಇಳಿಸಿ ಎಂದಾಗ ನಕ್ಕು, ಅಲ್ಲೇ ಎಲ್ಲಾದರೂ ಇಳಿಸುತ್ತಿದ್ದರು. ನಾನು ಹಿಂದಕ್ಕೆ ನಡೆದು ಹೋಗಿ ಶುರುಮಾಡುತ್ತಿದ್ದೆ. ಮಡಕಶಿರದ ಕೋಟೆ ಹತ್ತಿದ ದಿನ ಮಧ್ಯಾಹ್ನದ ಬಿಸಿಲು. ಯಜಮಾನರು ಇದ್ದಿದ್ದರೆ ಏನನ್ನುತ್ತಿದ್ದರೋ... ನಾನು ಸುಮ್ಮನೆ ಕೂತು ನೀರು ಕುಡಿದು ಅಕ್ಕನಿಗೆ ಫೋನ್ ಮಾಡಿದೆ. ಗಾಡಿಯ ಗಡಗಡದ ನಡುವೆ ಅವಳ ನಗು ಕೇಳಿಸಿತು.

ವರ್ಷಗಟ್ಟಲೆ ಹಾಗೇ ಮಾತಾಡಿಕೊಂಡೆವು. ಮಳೆ, ಹುಳು, ಲೋಡು, ಮಂಡಿನೋವು. ಗಂಡನ ಸುದ್ದಿ ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಹೋದ ವರ್ಷ ಅವಳ ನಂಬರಿನಿಂದ ಬೇರೆ ದನಿ ಬಂತು. "ನಾನು ಆಕಿ ತಂಗೀರಿ. ಅಕ್ಕ ಹೋದಳ್ರಿ. ಮುಂಜಾನಿ ಎದ್ದು ಕಸ ಹೊಡೀತಿದ್ದಳು, ಹಂಗೇ ಬಿದ್ದಳು." ಎಲ್ಲ ಮುಗಿದು ದಿನಗಳಾಗಿದ್ದವು.

ಬಸ್ಸಿನಲ್ಲಿ ಹೋದೆ. ತಂಗಿ ಚಹಾ ಕೊಟ್ಟು ಹೇಳಿದಳು: ಹೆಣವನ್ನು ಹೇಗೆ ಸಿಂಗರಿಸಬೇಕೆಂದು ಹಿರಿಯರಲ್ಲಿ ವಾದವೇ ಆಯಿತಂತೆ. ಗಂಡ ಸತ್ತ ಸುದ್ದಿ ಬಂದಿಲ್ಲ, ಹಾಗಾಗಿ ಮುತ್ತೈದೆಯೇ ಎಂದು ತೀರ್ಮಾನಿಸಿದರು. ಅರಿಷಿಣ ಹಚ್ಚಿ, ಹಸಿರು ಬಳೆ ತೊಡಿಸಿ, ಹೂ ಮುಡಿಸಿ ಕಳಿಸಿದರು. "ಮುತ್ತೈದಿ ಸಾವು ಬಂತು, ಪುಣ್ಯವಂತಿ ಅಂತ ಊರೆಲ್ಲ ಅಂದ್ರು ನೋಡ್ರಿ" ಎಂದು ಅವಳು ಕಣ್ಣೊರೆಸಿಕೊಂಡಳು. ನಾನು ಹೌದೆಂದೆ. ಅದು ನಿಜವೋ ಸುಳ್ಳೋ ಹೇಳಬಲ್ಲವನು ಒಬ್ಬನೇ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಮನೆಯ ಪಕ್ಕ ಗಾಡಿ ನಿಂತಿತ್ತು. ಅದರೊಳಗೆ ಕೋಳಿಗಳು ಮಲಗುತ್ತಿದ್ದವು.

ನಾನು ಈಗಲೂ ನಡೆಯುತ್ತೇನೆ, ಆದರೆ ಹತ್ತಿರದ ಗುಡ್ಡಗಳಿಗೆ ಮಾತ್ರ. ಬುತ್ತಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ಬಂದುಬಿಡುತ್ತೇನೆ. ರಸ್ತೆಯ ಬದಿಯಲ್ಲಿ ಕೈ ಅಡ್ಡ ಹಿಡಿದು ನಿಲ್ಲುವುದನ್ನು ಬಿಟ್ಟಿದ್ದೇನೆ. ದೂರ ಹೋಗುವುದಿದ್ದರೆ ಬಸ್ಸು. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದಷ್ಟೇ ಕೇಳುತ್ತಾನೆ, ಅಲ್ಲಿ ಯಾರು ಕಾಯ್ತಾರೆ ಎಂದು ಕೇಳುವುದಿಲ್ಲ. ಊರಿನ ಹೆಸರು ಹೇಳಿದರೆ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗುತ್ತಾನೆ.